ಬಿಡುವಿನ ವೇಳೆ: ಚುಕ್ಕಿ ಇಟ್ಟು ತವರುಮನೆ ಬರೆಯೋಣ



ಈ ಪಕ್ಷ ಬಂದ ಕಾಗದಗಳ ಕಟ್ಟಿನಲ್ಲಿ ಮಳವಳ್ಳಿ ಕಡೆಯ ಸೋದರಿಯೊಬ್ಬರದು ಉದ್ದವಾಗಿತ್ತು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ತವರು ನಾಡಹೆಂಚಿನ ತೊಟ್ಟಿಮನೆ. ಅಣ್ಣತಮ್ಮಂದಿರು ಮೂವರೂ ಭಾಗವಾಗಿದ್ದಾರೆ. ಯುಗಾದಿ ಕಳೆದ ಮೇಲೆ ಮನೆ ಕೆಡವಿ ಆ ಜಾಗದಲ್ಲಿ ಮೂರು ತಾರಸಿ ಮನೆ ಎಬ್ಬಿಸುತ್ತಾರಂತೆ. "ಮೊಬೈಲಲ್ಲಿ ಫೋಟೊ ತಗೊಂಡೆ. ಮನೆ ಬಂತು, ಬೆಳಗಿನ ಹೊತ್ತು ಹೆಂಚಿನ ಮೇಲೆ ಬೀಳೋ ಬಿಸಿಲು ಬರಲಿಲ್ಲ. ಬರೆಯೋಣ ಅಂತ ಕೂತರೆ ಗೆರೆ ಎಳೆಯೋವಾಗ ಕೈ ನಡುಗುತ್ತೆ. ನನಗೆ ಚೆನ್ನಾಗಿ ಗೊತ್ತಿರೋದು ಚುಕ್ಕಿ ಇಡೋದು ಒಂದೇ. ಬರೀ ಚುಕ್ಕಿಯಲ್ಲೇ ಚಿತ್ರ ಬರೀತಾರಂತಲ್ಲ, ಅದನ್ನ ಹೇಳಿಕೊಡ್ತೀರಾ?" ಎಂದು ಕೇಳಿದ್ದಾರೆ.

ಖಂಡಿತ ಹೇಳಿಕೊಡೋಣ. ಆದರೆ ಕಾಗದದ ಕೊನೆಯಲ್ಲಿ, "ಭಾಗದ ಪತ್ರಕ್ಕೆ ಸಹಿ ಹಾಕಿ ಕೊಡು ಅಂತಿದಾರೆ, ಹಾಕಿಬಿಡ್ತೀನಿ, ನನಗೇನೂ ಬೇಡ, ಈ ಚಿತ್ರ ಒಂದು ಇದ್ದರೆ ಸಾಕು" ಎಂಬ ಮಾತಿದೆ. ತಾಯಿ, ಕೊಡುವ ಮನಸ್ಸು ದೊಡ್ಡದೇ. ಆದರೂ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಮದುವೆಯಾಗಿದ್ದರೂ ಸರಿಯೇ. ಇದನ್ನು ತಿಳಿದುಕೊಂಡು, ಪತ್ರ ಓದಿಸಿಕೊಂಡು, ಆಮೇಲೆ ನಿಮ್ಮಿಷ್ಟದಂತೆ ಮಾಡಿ. ಅದು ಈ ಪುಟದ ವಿಷಯವಲ್ಲ, ಇಷ್ಟಕ್ಕೇ ಬಿಡುತ್ತೇನೆ. ಈಗ ಚಿತ್ರಕ್ಕೆ ಬರೋಣ.

ಬರೀ ಚುಕ್ಕಿಗಳಿಂದ ಚಿತ್ರ ಬರೆಯುವ ಈ ಪದ್ಧತಿಗೆ ಪಾಯಿಂಟಿಲಿಸಂ ಎಂದು ಹೆಸರು. ನಾವು ಚುಕ್ಕಿಚಿತ್ರ ಎನ್ನೋಣ. ಇದನ್ನು ಬಳಕೆಗೆ ತಂದವನು ಜಾರ್ಜ್ ಸೊರಾ ಎಂಬ ಫ್ರಾನ್ಸಿನ ಚಿತ್ರಕಾರ. ಹುಟ್ಟಿದ್ದು 1859ರಲ್ಲಿ, ತೀರಿಕೊಂಡದ್ದು 1891ರಲ್ಲಿ. ಬದುಕಿದ್ದು ಮೂವತ್ತೊಂದೇ ವರ್ಷ. ಪ್ಯಾರಿಸ್ಸಿನ ಹೊರವಲಯದ ನದೀದ್ವೀಪವೊಂದರಲ್ಲಿ ಭಾನುವಾರದ ಮಧ್ಯಾಹ್ನ ಜನ ಗಾಳಿಸೇವನೆಗೆ ಬಂದಿರುವುದನ್ನು ಆತ 1884ರಲ್ಲಿ ಬರೆಯಲು ಹಿಡಿದು 1886ರಲ್ಲಿ ಪ್ರದರ್ಶನಕ್ಕಿಟ್ಟ. ಚಿತ್ರ ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಈಗ ಅಮೆರಿಕದ ಷಿಕಾಗೋ ನಗರದ ಕಲಾ ಸಂಗ್ರಹಾಲಯದಲ್ಲಿದೆ. ಹತ್ತಿರ ಹೋದರೆ ಬಣ್ಣಬಣ್ಣದ ಸಾಸಿವೆ ಚೆಲ್ಲಿದಂತೆ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಹುಲ್ಲು, ನೀರು, ಕೊಡೆ ಹಿಡಿದ ಹೆಂಗಸು ಎಲ್ಲವೂ ಎದ್ದು ನಿಲ್ಲುತ್ತವೆ.

ಇದರ ಗುಟ್ಟು ನಿಮ್ಮ ಬೀರುವಿನಲ್ಲೇ ಇದೆ. ನವಿಲುಕತ್ತಿನ ಬಣ್ಣದ ರೇಷ್ಮೆ ಸೀರೆ ಇದ್ದರೆ ತೆಗೆದು ಬೆಳಕಿಗೆ ಹಿಡಿಯಿರಿ. ಹಾಸಿನ ಎಳೆ ಒಂದು ಬಣ್ಣ, ಹೊಕ್ಕಿನ ಎಳೆ ಇನ್ನೊಂದು. ಬಣ್ಣ ಹಾಕುವವರು ಆ ಎರಡನ್ನು ಒಂದು ಹಂಡೆಯಲ್ಲಿ ಕಲಸಿಲ್ಲ. ಎಳೆಗಳು ಪಕ್ಕಪಕ್ಕದಲ್ಲಿ ಕೂತಿವೆ, ಕಲಸಿದ್ದು ನಿಮ್ಮ ಕಣ್ಣು. ಅದಕ್ಕೇ ಆ ಸೀರೆ ನಡೆದಾಡುವಾಗ ಮಿನುಗುತ್ತದೆ. ಒಂದೇ ಬಣ್ಣದ ಹಂಡೆಯಲ್ಲಿ ಅದ್ದಿದ ಸೀರೆಗೆ ಆ ಮಿನುಗು ಬರುವುದಿಲ್ಲ. ಚುಕ್ಕಿಚಿತ್ರದಲ್ಲೂ ಹಾಗೆಯೇ. ತಟ್ಟೆಯಲ್ಲಿ ಬಣ್ಣ ಕಲಸುವುದಿಲ್ಲ, ಕಾಗದದ ಮೇಲೆ ಪಕ್ಕಪಕ್ಕ ಇಡುತ್ತೇವೆ. ಮಳವಳ್ಳಿಯ ಸೋದರಿಯ ಫೋಟೊದಲ್ಲಿ ಸಿಕ್ಕದ ಬಿಸಿಲು ಈ ಮಿನುಗಿನಲ್ಲಿ ಸಿಕ್ಕೀತು ಎಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಸೀರೆಯ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. ಸೊರಾ ಓದಿಕೊಂಡ ಬಣ್ಣದ ಶಾಸ್ತ್ರ ಹುಟ್ಟಿದ್ದೂ ನೇಯ್ಗೆಯ ಮನೆಯಲ್ಲೇ. ಪ್ಯಾರಿಸ್ಸಿನ ಗೊಬ್ಲಾಂ ಎಂಬ ಹೆಸರಾಂತ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥ. ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರು ಬಂತು. ಪರೀಕ್ಷಿಸಿದರೆ ನೂಲಿನಲ್ಲಿ ಐಬಿರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣದಿಂದ ಕಪ್ಪು ಕಳೆಗುಂದಿತ್ತು! ಪಕ್ಕದ ಬಣ್ಣ ಒಂದು ಬಣ್ಣವನ್ನು ಏರಿಸಲೂಬಲ್ಲದು, ಇಳಿಸಲೂಬಲ್ಲದು ಎಂದು ಆತ 1839ರಲ್ಲಿ ಪುಸ್ತಕವನ್ನೇ ಬರೆದ. ನಮ್ಮ ಅಜ್ಜಿಯರು ಕೆಂಪು ಸೀರೆಗೆ ಹಸಿರು ಅಂಚು ಆರಿಸಿದ್ದು ಇದೇ ಲೆಕ್ಕದ ಮೇಲೆ. ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ: ಈ ಮೂರು ಜೋಡಿ ಬಾಯಿಪಾಠವಾಗಲಿ. ಮುಂದೆ ಹೆಜ್ಜೆಹೆಜ್ಜೆಗೂ ಬೇಕು.

ಇನ್ನು ಸಾಮಾನು. ಹೆಚ್ಚಿಗೆ ಏನೂ ಬೇಡ. ದಪ್ಪನೆಯ ಡ್ರಾಯಿಂಗ್ ಹಾಳೆ, ಮಕ್ಕಳಿಗೆ ಕೊಡಿಸುವ ಪೋಸ್ಟರ್ ಕಲರ್ ಸೀಸೆಗಳು. ನಿಂಬೆ ಹಳದಿ, ಕಿತ್ತಳೆ, ಕೆಂಪು, ನೇರಳೆ, ನೀಲಿ, ಹಸಿರು, ಬಿಳಿ. ಏಳೇ ಬಣ್ಣ. ಕಪ್ಪು ಸೀಸೆಯನ್ನು ಮುಚ್ಚಿ ಅಟ್ಟದ ಮೇಲಿಡಿ. ಜಲವರ್ಣದ ಬಿಲ್ಲೆಗಳು ಬೇಡ. ಅವು ತೆಳ್ಳಗೆ ಹರಿಯುತ್ತವೆ, ಒಂದರ ಮೇಲೊಂದು ಚುಕ್ಕಿ ನಿಲ್ಲುವುದಿಲ್ಲ. ಕುಂಚವೂ ಬೇಕಿಲ್ಲ. ಉರಿದು ಮುಗಿದ ಊದುಬತ್ತಿ ಕಡ್ಡಿಯ ತುದಿಯಿಂದ ಸಣ್ಣ ಚುಕ್ಕಿ, ತೆಂಗಿನ ಪೊರಕೆ ಕಡ್ಡಿಯ ಬುಡದಿಂದ ನಡುವಿನದು, ಬೆಂಕಿಕಡ್ಡಿಯ ಬುಡದಿಂದ ದೊಡ್ಡದು ಬರುತ್ತದೆ. ಬಣ್ಣಕ್ಕೊಂದು ಕಡ್ಡಿ ಇರಲಿ, ತೊಳೆಯುವ ರಗಳೆ ತಪ್ಪುತ್ತದೆ. ಬಣ್ಣದ ಹದ ದೋಸೆ ಹಿಟ್ಟಿನಂತಿರಬೇಕು. ಮಜ್ಜಿಗೆಯಂತಾದರೆ ಹರಡಿಕೊಳ್ಳುತ್ತದೆ, ಇಡ್ಲಿ ಹಿಟ್ಟಿನಂತಾದರೆ ಚುಕ್ಕಿಗೆ ಬಾಲ ಬರುತ್ತದೆ. ಕಡ್ಡಿಯನ್ನು ನೆಟ್ಟಗೆ ಹಿಡಿದು, ಮುಟ್ಟಿಸಿ, ಎತ್ತಿ. ಎಳೆಯಬೇಡಿ.

"ರಂಗೋಲಿ ಬಲ್ಲವರಿಗೆ ಇದು ಸಲೀಸು ತಾನೆ?" ಎಂದು ನೀವು ಕೇಳಬಹುದು. ಅರ್ಧ ಹೌದು. ಹದಿನೈದರಿಂದ ಒಂದಕ್ಕೆ ಇಳಿಸಿ ಇಟ್ಟು ಅಭ್ಯಾಸವಾದ ಕೈಗೆ ಅಂತರದ ಅಂದಾಜು ತಾನಾಗಿ ಇರುತ್ತದೆ, ಅದು ದೊಡ್ಡ ಬಂಡವಾಳ. ಆದರೆ ಅದೇ ಕೈಗೆ ಎರಡು ಚಾಳಿಗಳೂ ಇರುತ್ತವೆ. ಒಂದು, ಸಾಲು ಹಿಡಿದು ಇಡುವುದು. ಚಿತ್ರದಲ್ಲಿ ಚುಕ್ಕಿಗಳು ಸಾಲಾಗಿ ಕೂತರೆ ಆಕಾಶ ಸೊಳ್ಳೆಪರದೆಯಂತೆ ಕಾಣುತ್ತದೆ. ಒಗ್ಗರಣೆಯ ಸಾಸಿವೆ ಬಾಣಲೆಯಲ್ಲಿ ಹರಡುವಂತೆ, ದೂರ ಹೆಚ್ಚುಕಮ್ಮಿ ಒಂದೇ, ಸಾಲು ಮಾತ್ರ ಇಲ್ಲ, ಹಾಗಿರಬೇಕು. ಎರಡನೆಯದು, ಚುಕ್ಕಿ ಸುತ್ತಿ ಗೆರೆ ಎಳೆಯುವ ಆಸೆ. ರಂಗೋಲಿಯಲ್ಲಿ ಚುಕ್ಕಿ ದಾರಿ ತೋರಿಸಿ ಹಿಂದೆ ಸರಿಯುತ್ತದೆ, ಮೆರೆಯುವುದು ಎಳೆ. ಇಲ್ಲಿ ಎಳೆಯೇ ಇಲ್ಲ. ಗೋಡೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂಬುದನ್ನು ಬಣ್ಣ ಬದಲಾಗುವುದೇ ಹೇಳಬೇಕು. ಗೆರೆ ಎಳೆಯುವಾಗ ಕೈ ನಡುಗುವ ನಮ್ಮ ಸೋದರಿಗೆ ಇದು ಹೇಳಿ ಮಾಡಿಸಿದ ಪದ್ಧತಿ.

ಮದ್ದೂರಿನ ಓದುಗಿತಿಯೊಬ್ಬರು ಹಿಂದೆಯೇ ಇದನ್ನು ಪ್ರಯತ್ನಿಸಿ ಚಿತ್ರ ಕಳಿಸಿದ್ದಾರೆ. ಅವರ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ನೋಟ. ಹೆಂಚಿನ ಮನೆಗಳು, ಮನೆಯ ಪಕ್ಕದಲ್ಲೇ ಹುಣಸೆಮರ, ಮರದ ತುಂಬ ಕೊಕ್ಕರೆ, ಹೆಜ್ಜಾರ್ಲೆ. ಆಯ್ಕೆ ಬಹಳ ಚೆನ್ನಾಗಿದೆ. ಪ್ರತಿವರ್ಷ ಹಕ್ಕಿಗಳು ಬಂದು ಊರೊಳಗೆ ಗೂಡು ಕಟ್ಟುವ, ಜನ ಅವುಗಳ ಹಿಕ್ಕೆ ಬಳಿದು ಗೊಬ್ಬರ ಮಾಡಿಕೊಂಡು ಜೊತೆಗೆ ಬಾಳುವ ಇಂಥ ಹಳ್ಳಿಗಳು ಎಷ್ಟಿವೆ ಹೇಳಿ? ಆದರೆ ಅವರು ಮನೆಗೂ ಮರಕ್ಕೂ ಹಕ್ಕಿಗೂ ಕಪ್ಪು ಗೆರೆಯ ಅಂಚು ಕಟ್ಟಿ, ಒಳಗೆ ಚುಕ್ಕಿ ತುಂಬಿದ್ದಾರೆ. "ನಮ್ಮತ್ತೆ ನೋಡಿ, ಇದೇನವ್ವ, ಮನೆಗೆ ಸಿಡುಬು ಎದ್ದಂಗದೆ ಅಂದ್ರು" ಎಂದು ಬರೆದಿದ್ದಾರೆ. ಅತ್ತೆಯವರ ಕಣ್ಣು ಸೂಕ್ಷ್ಮ! ಗೆರೆ ಇದ್ದಾಗ ಚುಕ್ಕಿ ಮೈಮೇಲಿನ ಗುಳ್ಳೆಯಾಗುತ್ತದೆ, ಗೆರೆ ಹೋದರೆ ಚುಕ್ಕಿಯೇ ಮೈಯಾಗುತ್ತದೆ. ಇನ್ನೊಂದು ಸಲ ಬರೆಯಿರಿ. ಬಿಳಿ ಹಕ್ಕಿಗಳಿಗೆ ಬಣ್ಣವನ್ನೇ ಹಾಕಬೇಡಿ. ಹಕ್ಕಿಯ ಆಕಾರದ ಕಾಗದವನ್ನು ಖಾಲಿ ಬಿಟ್ಟು, ಸುತ್ತ ಮರದ ಹಸಿರು, ನೇರಳೆ ಚುಕ್ಕಿಗಳನ್ನು ಒತ್ತೊತ್ತಾಗಿ ಇಡಿ, ಹಕ್ಕಿ ತಾನಾಗಿ ಕೂರುತ್ತದೆ.

ಈಗ ನಮ್ಮ ತೊಟ್ಟಿಮನೆ. ಮೊದಲು ಹಾಳೆಯ ಅಳತೆ. ಹದಿನೈದು ಸೆಂಟಿಮೀಟರ್ ಎತ್ತರ, ಇಪ್ಪತ್ತು ಅಗಲ, ಅದಕ್ಕಿಂತ ದೊಡ್ಡದು ಬೇಡ. ಲೆಕ್ಕ ನೋಡಿ. ಒಟ್ಟು 300 ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರಿಗೆ 25 ಚುಕ್ಕಿಯಂತೆ 7,500 ಚುಕ್ಕಿ. ಗಾಬರಿಯಾಗಬೇಡಿ. ನಿಮಿಷಕ್ಕೆ ನಲವತ್ತು ಇಟ್ಟರೂ ಮೂರು ಗಂಟೆ ಚಿಲ್ಲರೆ. ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ. ಒಲೆಯ ಮೇಲೆ ಹಾಲಿಟ್ಟು ಐದು ನಿಮಿಷ, ಸ್ಕೂಲಿನ ವ್ಯಾನು ಬರುವ ಮುಂಚೆ ಹತ್ತು ನಿಮಿಷ, ಹೀಗೆ ತುಂಡುತುಂಡಾಗಿ ಮಾಡಬಹುದಾದದ್ದೇ ಈ ಪದ್ಧತಿಯ ದೊಡ್ಡ ಉಪಕಾರ. ಜಲವರ್ಣವಾದರೆ ನಡುವೆ ಎದ್ದುಹೋಗಿ ಬರುವಷ್ಟರಲ್ಲಿ ಒಣಗಿ ಕಲೆಯಾಗಿರುತ್ತದೆ. ಚುಕ್ಕಿ ಕಾಯುತ್ತದೆ. (ಹಾಲು ಕಾಯುವುದಿಲ್ಲ, ಅದರ ಮೇಲೆ ಒಂದು ಕಣ್ಣಿರಲಿ.)

ಮನೆಯ ಆಕಾರವನ್ನು ಪೆನ್ಸಿಲಿನಲ್ಲಿ ತೀರಾ ತೆಳ್ಳಗೆ ಗುರುತಿಸಿಕೊಳ್ಳಿ. ಬಾರದಿದ್ದರೆ ನಾಚಿಕೆ ಬೇಡ. ಮೊಬೈಲಿನ ಫೋಟೊವನ್ನು ಝೆರಾಕ್ಸ್ ಅಂಗಡಿಯಲ್ಲಿ ಇದೇ ಅಳತೆಗೆ ಮುದ್ರಿಸಿ, ಹಿಂಬದಿಗೆ ಪೆನ್ಸಿಲ್ ಉಜ್ಜಿ, ಹಾಳೆಯ ಮೇಲಿಟ್ಟು ತಿದ್ದಿ. ಡ್ರಾಯಿಂಗ್ ಮೇಷ್ಟ್ರುಗಳು ಇದಕ್ಕೆ ಮೂಗು ಮುರಿಯುತ್ತಾರೆ. ಪರೀಕ್ಷೆಗೆ ಕೂತಿಲ್ಲವಲ್ಲ, ಬಿಡಿ. ಕೈಯಿಂದಲೇ ಬರೆಯುವವರು ಒಂದು ನಿಯಮ ಮರೆಯದಿದ್ದರೆ ಸಾಕು: ನಿಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲಿರುವ ಸೂರಿನ ಗೆರೆ ದೂರ ಹೋದಂತೆ ಕೆಳಕ್ಕೆ ಇಳಿಯುತ್ತದೆ, ಕಣ್ಣಿಗಿಂತ ಕೆಳಗಿರುವ ಜಗುಲಿಯ ಗೆರೆ ದೂರ ಹೋದಂತೆ ಮೇಲಕ್ಕೆ ಏರುತ್ತದೆ.

ಫೋಟೊ ಆಕಾರಕ್ಕೆ ಮಾತ್ರ. ಬಣ್ಣಕ್ಕೆ ತವರಿಗೇ ಹೋಗಬೇಕು. ಬೆಳಿಗ್ಗೆ ಏಳರಿಂದ ಎಂಟರ ಒಳಗೆ, ಎರಡು ಮೂರು ದಿನ ಒಂದೇ ಹೊತ್ತಿಗೆ, ಮನೆಯ ಎದುರು ಕೂತು ಸುಮ್ಮನೆ ನೋಡಿ. ಯಾವ ಮಗ್ಗುಲಿಗೆ ಬಿಸಿಲು, ಯಾವುದಕ್ಕೆ ನೆರಳು, ನೆರಳು ಯಾವ ಬಣ್ಣ, ಚೀಟಿಯಲ್ಲಿ ಬರೆದುಕೊಳ್ಳಿ. "ನೆರಳು ಕಪ್ಪು ತಾನೆ?" ಅಲ್ಲ ಕಣ್ರೀ. ಸುಣ್ಣ ಬಳಿದ ಗೋಡೆಯ ಮೇಲೆ ಬೆಳಗಿನ ನೆರಳು ಬಿದ್ದಾಗ ಕಣ್ಣು ಕಿರಿದು ಮಾಡಿ ನೋಡಿ. ನೀಲಿ ಇರುತ್ತದೆ, ಸ್ವಲ್ಪ ನೇರಳೆಯೂ ಇರುತ್ತದೆ. ಬಿಸಿಲಿಗೆ ಮರೆಯಾದ ಆ ಜಾಗಕ್ಕೆ ಬೆಳಕು ಕೊಡುತ್ತಿರುವುದು ಆಕಾಶ, ಅದಕ್ಕೆ ಆ ಬಣ್ಣ.

ಚುಕ್ಕಿ ಇಡುವ ಕ್ರಮ ಮೂರು ಸುತ್ತು. ಒಂದು ಸುತ್ತು ಪೂರ್ತಿ ಒಣಗಿದ ಮೇಲೆ ಇನ್ನೊಂದು. ಹಸಿ ಚುಕ್ಕಿಗೆ ಹಸಿ ಚುಕ್ಕಿ ತಾಗಿದರೆ ಕೆಸರಾಗುತ್ತದೆ. ಮೊದಲನೆಯ ಸುತ್ತಿನಲ್ಲಿ ವಸ್ತುವಿನ ಸ್ವಂತ ಬಣ್ಣ: ಹೆಂಚಿಗೆ ಕೆಂಪು, ಗದ್ದೆಗೆ ಹಸಿರು, ಆಕಾಶಕ್ಕೆ ಬಿಳಿ ಬೆರೆಸಿದ ನೀಲಿ. ಬಿಳಿ ಮಾತ್ರ ಬೆರೆಸಬಹುದು, ಅದೊಂದಕ್ಕೆ ಅನುಮತಿ ಉಂಟು. ಈ ಸುತ್ತಿನಲ್ಲಿ ನಡುನಡುವೆ ಒಂದು ಚುಕ್ಕಿಯಷ್ಟು ಜಾಗ ಬಿಡುತ್ತ ಹೋಗಿ. ಎರಡನೆಯದು ಬಿಸಿಲಿನ ಸುತ್ತು. ಬಿಸಿಲು ಬಿದ್ದ ಕಡೆಯೆಲ್ಲ, ಹೆಂಚಾಗಲಿ ಎಲೆಯಾಗಲಿ ನೆಲವಾಗಲಿ, ಕಿತ್ತಳೆ ಮತ್ತು ಹಳದಿ. ಮೂರನೆಯದು ನೆರಳಿನ ಸುತ್ತು. ನೆರಳಿರುವ ಕಡೆ ನೀಲಿ, ನೇರಳೆ, ಜೊತೆಗೆ ಆ ವಸ್ತುವಿನ ಜೋಡಿ ಬಣ್ಣ ಅಲ್ಲೊಂದು ಇಲ್ಲೊಂದು. ಕೆಂಪು ಹೆಂಚಿನ ನೆರಳಿನಲ್ಲಿ ನಾಲ್ಕಾರು ಹಸಿರು ಚುಕ್ಕಿ ಇಟ್ಟು ನೋಡಿ, ನೆರಳು ತಣ್ಣಗಾಗುತ್ತದೆ.

ನಾಡಹೆಂಚು ಈ ಪದ್ಧತಿಗೆಂದೇ ಮಾಡಿದಂತಿದೆ. ಮಂಗಳೂರು ಹೆಂಚು ಚಪ್ಪಟೆ, ಅಚ್ಚಿನಲ್ಲಿ ಒತ್ತಿದ್ದು, ಬಿಸಿಲು ಅದರ ಮೇಲೆ ಒಂದೇ ಸಮ ಹರಡುತ್ತದೆ. ಅರ್ಧ ಕೊಳವೆಯಂತಿರುವ ನಾಡಹೆಂಚಿನಲ್ಲಿ ಪ್ರತಿ ಹೆಂಚಿಗೂ ಒಂದು ಬಿಸಿಲ ಬೆನ್ನು, ಒಂದು ನೆರಳ ಮಗ್ಗುಲು. ಬೆನ್ನಿಗೆ ಕಿತ್ತಳೆ, ಹಳದಿ, ಮಗ್ಗುಲಿಗೆ ಕೆಂಪು, ನೇರಳೆ. ಹೆಂಚು ಹೆಂಚನ್ನೂ ಎಣಿಸಿ ಬರೆಯಲು ಹೋಗಬೇಡಿ. ಮುಂದಿನ ನಾಲ್ಕು ಸಾಲು ಸರಿಯಾಗಿ ತೋರಿಸಿ ಉಳಿದದ್ದನ್ನು ಕಣ್ಣಿಗೇ ಬಿಡಿ. ಪಾಚಿ ಹಿಡಿದು ಕಪ್ಪಾದ ಹೆಂಚಿಗೆ ಹಸಿರು ಮತ್ತು ನೇರಳೆ ಪಕ್ಕಪಕ್ಕ. ಗೋಡೆಯ ಬಿಸಿಲ ಭಾಗಕ್ಕೆ ಕಾಗದದ ಬಿಳುಪೇ ಸಾಕು, ಅಲ್ಲಲ್ಲಿ ಬಿಳಿ ಬೆರೆಸಿದ ಹಳದಿ. ಬುಡದ ಕೆಮ್ಮಣ್ಣಿನ ಪಟ್ಟೆಗೆ ಕೆಂಪು, ಕಿತ್ತಳೆ. ತೆರೆದ ಬಾಗಿಲಿನ ಒಳಗಿನ ಕತ್ತಲೆಗೆ ನೀಲಿ, ನೇರಳೆ, ಕೆಂಪು ಮೂರನ್ನೂ ಒತ್ತೊತ್ತಾಗಿ ಇಡಿ. ಕಪ್ಪಿಗಿಂತ ಆಳವಾಗಿ ಕಾಣುತ್ತದೆ, ಒಳಗೆ ಯಾರೋ ಇದ್ದಾರೆ ಅನ್ನಿಸುತ್ತದೆ.

ಮಂಡ್ಯದ ಸೋದರಿಯೊಬ್ಬರ ಪ್ರಶ್ನೆಗೂ ಇಲ್ಲೇ ಉತ್ತರ. "ಕಬ್ಬಿನ ಗದ್ದೆ ಬರೆದರೆ ಹಸಿರು ಗೋಡೆ ಕಟ್ಟಿದಂಗೆ ಆಗುತ್ತೆ. ಹಳದಿ, ನೀಲಿ ಚುಕ್ಕಿ ಪಕ್ಕಪಕ್ಕ ಇಟ್ಟರೆ ಹಸಿರು ಬರುತ್ತೆ ಅಂತ ಹೇಳಿದ್ರು, ಹಾಗೆ ಮಾಡಿದರೆ ಬೂದಿ ಬೂದಿಯಾಯ್ತು" ಎಂದಿದ್ದಾರೆ. ತಪ್ಪು ಅವರದಲ್ಲ, ಹೇಳಿದವರದು. ತಟ್ಟೆಯಲ್ಲಿ ಕಲಸಿದರೆ ಹಳದಿ, ನೀಲಿ ಸೇರಿ ಹಸಿರಾಗುವುದು ನಿಜ. ಕಣ್ಣಿನಲ್ಲಿ ಕಲಸಿದರೆ ಹಾಗಾಗದು. ಅಲ್ಲಿ ಸೇರುವುದು ಬಣ್ಣದ ಹಿಟ್ಟಲ್ಲ, ಬೆಳಕು. ಜೋಡಿಯಾಗಿ ಒಂದನ್ನೊಂದು ಏರಿಸುವ ಬಣ್ಣಗಳೇ ಸಣ್ಣ ಚುಕ್ಕಿಗಳಾಗಿ ಪೂರ್ತಿ ಬೆರೆತರೆ ಒಂದನ್ನೊಂದು ನುಂಗಿ ಮಂಕಾಗುತ್ತವೆ, ಹಳದಿ ನೀಲಿಯ ಗತಿಯೂ ಹೆಚ್ಚುಕಡಿಮೆ ಅದೇ. ಆದ್ದರಿಂದ ಹಸಿರಿಗೆ ಹಸಿರನ್ನೇ ಹಾಕಿ, ಬಿಸಿಲಿಗೆ ಹಳದಿ, ನೆರಳಿಗೆ ನೀಲಿ ಸೇರಿಸಿ. ನಾಟಿಯಾದ ಭತ್ತದ ಗದ್ದೆಗೆ ಹಳದಿ ಹೆಚ್ಚಿರಲಿ, ಬೆಳೆದ ಕಬ್ಬಿಗೆ ನೀಲಿ ಹೆಚ್ಚಿರಲಿ, ಜಲ್ಲೆಯ ಕಡೆ ನೇರಳೆ, ಮೇಲಿನ ಸೋಗೆಗೆ ಬಿಳಿ ಬೆರೆಸಿದ ಹಳದಿ. ಆಗ ಗೋಡೆ ಒಡೆದು ಗದ್ದೆಯಾಗುತ್ತದೆ. ಆಲೆಮನೆಯ ಹೊಗೆ ಬರೆಯುವವರು ಬಿಳಿ ಬೆರೆಸಿದ ನೇರಳೆ ಮತ್ತು ಹಳದಿ ಚುಕ್ಕಿಗಳನ್ನು ವಿರಳವಾಗಿ ಇಡಿ. ಇಲ್ಲಿ ಮಂಕಾಗಬೇಕು, ಆ ಮಂಕೇ ಹೊಗೆ. ವಿಶ್ವೇಶ್ವರಯ್ಯ ನಾಲೆಯ ನೀರಿಗೆ ಮೇಲಿರುವ ಆಕಾಶದ ಬಣ್ಣಗಳನ್ನೇ ಇಟ್ಟು, ದಡದ ಹತ್ತಿರ ಕಿತ್ತಳೆ ಸೇರಿಸಿ.

ದೂರದ ಗುಡ್ಡ, ತೋಪುಗಳಿಗೆ ಊದುಬತ್ತಿ ಕಡ್ಡಿಯ ಸಣ್ಣ ಚುಕ್ಕಿ, ಮುಂದಿನ ಅಂಗಳಕ್ಕೆ ಬೆಂಕಿಕಡ್ಡಿಯ ದೊಡ್ಡದು. ಒಂದೊಂದು ಸುತ್ತು ಮುಗಿದಾಗಲೂ ಚಿತ್ರವನ್ನು ಗೋಡೆಗೆ ಒರಗಿಸಿ ಎಂಟು ಹತ್ತು ಅಡಿ ಹಿಂದೆ ಹೋಗಿ ನೋಡಿ. ಮನೆ ಚಿಕ್ಕದಾದರೆ ಮೊಬೈಲಿನ ಕ್ಯಾಮೆರಾ ಹಿಡಿದು ಅದರ ಪುಟ್ಟ ಪರದೆಯಲ್ಲಿ ನೋಡಿ. ಎರಡು ಮಿಲಿಮೀಟರಿನ ಚುಕ್ಕಿ ಅಷ್ಟು ದೂರದಲ್ಲಿ ಪೂರ್ತಿ ಕರಗುವುದಿಲ್ಲ, ಮಿನುಗುತ್ತದೆ. ಮಿನುಗಲೇಬೇಕು, ಪೂರ್ತಿ ಕರಗಿದರೆ ಇಷ್ಟು ಕಷ್ಟ ಯಾಕೆ? ಮದ್ದೂರಿನ ಅತ್ತೆಯವರನ್ನೂ ಬಾಗಿಲ ಹತ್ತಿರ ನಿಲ್ಲಿಸಿ ತೋರಿಸಿ.

ಒಂದು ಮಾತು ಕೇಳಿದ್ದಾರೆ ಮಳವಳ್ಳಿಯವರು: ಮನೆಯ ಒಂದು ಮೂಲೆ ಕುಸಿದಿದೆ, ಮೇಲೆ ನೀಲಿ ಟಾರ್ಪಾಲು ಹೊದಿಸಿದ್ದಾರೆ, ಅದನ್ನು ಬರೆಯಲೋ ಬಿಡಲೋ? ಅಪ್ಪ ಇದ್ದಾಗಿನ ಹಾಗೆ ಬರೆಯುವ ಆಸೆ ಅವರಿಗೆ. ನನ್ನ ಅಭಿಪ್ರಾಯ, ಟಾರ್ಪಾಲು ಇರಲಿ. ಮೊದಲನೆಯದಾಗಿ ಅದು ನೀಲಿ, ಹೆಂಚು ಕಿತ್ತಳೆ. ಇಡೀ ಸೂರನ್ನು ಎತ್ತಿ ನಿಲ್ಲಿಸುವ ಜೋಡಿ ಪುಕ್ಕಟೆ ಸಿಕ್ಕಿದೆ. ಎರಡನೆಯದಾಗಿ, ನೀವು ಏಳು ದಿನ ಕೂತು ನೋಡುವ ಮನೆ ಇದು. ಅಪ್ಪನ ಕಾಲದ ಮನೆ ನಿಮ್ಮ ಮನಸ್ಸಿನಲ್ಲಿದೆ, ಅಲ್ಲಿಂದ ಅದನ್ನು ಯಾರೂ ಕೆಡವಲಾರರು. ಕಣ್ಣೆದುರಿರುವುದು ಯುಗಾದಿಯವರೆಗೆ ಮಾತ್ರ. ಕರೆಂಟ್ ಕಂಬ ಬೇಕಾದರೆ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ.

ಹೆಂಗಸರು ಇಂಥದ್ದರಲ್ಲಿ ಹೆಸರು ಮಾಡಿದ್ದುಂಟೇ ಎಂದು ಕೇಳುವವರಿಗೆ: ಉಂಟು. ಬೆಲ್ಜಿಯಂನ ಆನ್ನಾ ಬಾಕ್ (1848–1936) ಕೆಲವು ಕಾಲ ಈ ಪದ್ಧತಿಯಲ್ಲೇ ಬರೆದರು. ಇಪ್ಪತ್ತು ಜನರ ಹೆಸರಾಂತ ಕಲಾಕೂಟದಲ್ಲಿ ಸದಸ್ಯಳಾಗಿದ್ದ ಒಬ್ಬಳೇ ಹೆಂಗಸು. ವ್ಯಾನ್ ಗೋ ಬದುಕಿದ್ದಾಗ ಅವನ ಚಿತ್ರ ಕೊಂಡ ಕೆಲವೇ ಮಂದಿಯಲ್ಲಿ ಆಕೆಯೂ ಒಬ್ಬರು. ಫ್ರಾನ್ಸಿನ ಲ್ಯೂಸಿ ಕೂಸ್ಟೂರಿಯೆ (1876–1925) ಸೊರಾನ ಗೆಳೆಯ ಸಿನ್ಯಾಕ್‌ನ ಬಳಿ ಕಲಿತವರು. ಮೇಲೆ ಹೇಳಿದ ಸೊರಾನ ಆ ದೊಡ್ಡ ಚಿತ್ರವನ್ನು 1900ರಲ್ಲಿ ಅವರ ತಂದೆ ಕೊಂಡು ಮಗಳಿಗೆ ಕೊಟ್ಟರು. ವರ್ಷಗಟ್ಟಲೆ ಅದು ಆಕೆಯ ಬಳಿ ಇತ್ತು. ತವರಿನಿಂದ ಎಂಥ ಉಡುಗೊರೆ ನೋಡಿ!

ಆ ಚಿತ್ರದಿಂದ ನಾವು ಕಲಿಯಬೇಕಾದ ಎಚ್ಚರಿಕೆಯೂ ಒಂದಿದೆ. ಸೊರಾ ಬಳಸಿದ ಒಂದು ಬಗೆಯ ಹಳದಿ ಕೆಲವೇ ವರ್ಷಗಳಲ್ಲಿ ಕಂದು ತಿರುಗಿತು, ಹುಲ್ಲಿನ ಮೇಲಿನ ಬಿಸಿಲಿನ ಚುಕ್ಕಿಗಳು ಮಂಕಾದವು. ನಮ್ಮ ಪೋಸ್ಟರ್ ಬಣ್ಣಗಳಲ್ಲೂ ಕೆಲವು ಬಿಸಿಲಿಗೆ ಮಾಸುತ್ತವೆ. ಕೊಂಡ ಕೂಡಲೇ ಒಂದು ಚೀಟಿಯ ಮೇಲೆ ಏಳೂ ಬಣ್ಣದ ಚುಕ್ಕಿ ಇಟ್ಟು, ಅರ್ಧವನ್ನು ರಟ್ಟಿನಿಂದ ಮುಚ್ಚಿ, ಕಿಟಕಿಯ ಬಿಸಿಲಿಗೆ ಒಂದು ತಿಂಗಳು ಅಂಟಿಸಿಡಿ. ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ವ್ಯತ್ಯಾಸ ಕಂಡ ಬಣ್ಣವನ್ನು ಮುಂದಿನ ಸಲ ಬೇರೆ ಕಂಪನಿಯದು ತನ್ನಿ. ಪೋಸ್ಟರ್ ಬಣ್ಣ ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ. ಒದ್ದೆಬಟ್ಟೆಯಲ್ಲಿ ಒರೆಸಬಾರದು, ಗಾಜಿನ ಚೌಕಟ್ಟು ಹಾಕಿಸಲೇಬೇಕು. ಗಾಜು ಚಿತ್ರಕ್ಕೆ ಅಂಟದಂತೆ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ. ನೇರ ಬಿಸಿಲು ಬೀಳದ, ಆದರೆ ದೂರ ನಿಂತು ನೋಡಲು ಜಾಗವಿರುವ ಗೋಡೆಗೆ ತೂಗುಹಾಕಿ.

ಅಣ್ಣತಮ್ಮಂದಿರು ತಮಗೂ ಒಂದೊಂದು ಬೇಕೆಂದು ಕೇಳಿದರೆ ಬಣ್ಣದ ಝೆರಾಕ್ಸ್ ಮಾಡಿಸಿ ಕೊಡಿ. ಮೂಲಪ್ರತಿ ನಿಮ್ಮ ಬಳಿಯೇ ಇರಲಿ.